ನೀರಿನಲ್ಲಿ ನೆನೆಯದ ಮೈ

ಶ್ರೀರಂಗಪಟ್ಟಣದ ಸಮೀಪ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಚುಕ್ಕೆಕೊಕ್ಕಿನ ಬಾತೂ ಇದೆ, ನೀರುನಾಯಿಯೂ ಇದೆ. ಒಂದು ಹಕ್ಕಿ, ಇನ್ನೊಂದು ಮರಿಗಳಿಗೆ ಹಾಲೂಡಿಸುವ ಮಾಂಸಾಹಾರಿ ಪ್ರಾಣಿ. ಹೆಸರಿನಲ್ಲಿ ನಾಯಿಯಿದ್ದರೂ ಅದು ನಾಯಿಯ ಕುಲಕ್ಕೆ ಸೇರಿದುದಲ್ಲ.

ಕಾವೇರಿಯ ನೀರಿನಲ್ಲಿ ಎಷ್ಟು ಹೊತ್ತು ಈಜಿದರೂ ಇವೆರಡರ ಚರ್ಮವೂ ತೋಯುವುದಿಲ್ಲ. ಬಾತು ತನ್ನ ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಗರಿಗಳಿಗೆ ಸವರುತ್ತದೆ. ಗರಿಗಳ ಅಡಿಯ ಮೃದುವಾದ ತುಪ್ಪಳದಲ್ಲಿ ಗಾಳಿ ನಿಲ್ಲುತ್ತದೆ. ನೀರುನಾಯಿಯ ಹೊರಗೂದಲಿನ ಕೆಳಗೂ ದಟ್ಟವಾದ ತುಪ್ಪಳವಿದ್ದು, ಅದರಲ್ಲಿಯೂ ಗಾಳಿ ಸಿಕ್ಕಿಕೊಂಡಿರುತ್ತದೆ. ಕನ್ನಡವು ಎರಡಕ್ಕೂ ಒಂದೇ ಹೆಸರಿಟ್ಟಿರುವುದು ಉಚಿತವೇ ಆಗಿದೆ. ಆ ಗಾಳಿಯೇ ಅವುಗಳ ಕಂಬಳಿ.

ಬಾತು ತಲೆಯನ್ನಷ್ಟೇ ಮುಳುಗಿಸಿ ಜಲಸಸ್ಯಗಳನ್ನು ಮೇಯುತ್ತದೆ. ನೀರುನಾಯಿಯಾದರೋ ಮುಳುಗಿ ಮೀನನ್ನು ಬೆನ್ನಟ್ಟಬೇಕು. ಮೈಗೆ ರಕ್ಷೆಯಾದ ತುಪ್ಪಳವೇ ಅದಕ್ಕೆ ಮೃತ್ಯುವೂ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದ್ದರೂ, ತೊಗಲಿನ ಆಸೆಗೆ ಅದನ್ನು ಕದ್ದು ಕೊಲ್ಲುವವರು ಇಂದಿಗೂ ಇದ್ದಾರೆ.