ಅಯಸ್ಕಾಂತ ಹತ್ತುವ ಚಾಕುವೇ ಒಳ್ಳೆಯದು

ಸಾಲಗುಂದದ ನಮ್ಮ ದೊಡ್ಡವ್ವ ಪಾತ್ರೆ ಕೊಳ್ಳಲು ಸಿಂಧನೂರಿಗೆ ಹೊರಟರೆ ಎಲೆಅಡಿಕೆ ಸಂಚಿಯಲ್ಲಿ ಒಂದು ಗುಂಡನೆಯ ಅಯಸ್ಕಾಂತ ಇಟ್ಟುಕೊಂಡೇ ಬಸ್ಸು ಹತ್ತುತ್ತಾಳೆ. ಕೆಟ್ಟುಹೋದ ರೇಡಿಯೊದ ಸ್ಪೀಕರಿನಿಂದ ಕಿತ್ತದ್ದು ಅದು. ಚೊಂಬಿಗೆ ತಾಗಿಸುತ್ತಾಳೆ, ತಟ್ಟೆಗೆ ತಾಗಿಸುತ್ತಾಳೆ. ಹತ್ತದಿದ್ದರೆ ಅಸಲಿ ಸ್ಟೀಲು, ಹತ್ತಿದರೆ ನಕಲಿ. ಒಮ್ಮೆ ನಾನೂ ಜೊತೆಗಿದ್ದೆ. ಪಾತ್ರೆಯ ಲೆಕ್ಕ ಮುಗಿದ ಮೇಲೆ ಚಾಕುವಿನ ಸರದಿ ಬಂತು. ಮೊದಲು ತೋರಿಸಿದ ಚಾಕುವಿಗೆ ಅಯಸ್ಕಾಂತ ಟಪ್ಪನೆ ಅಂಟಿಕೊಂಡಿತು. “ಇದು ಬ್ಯಾಡಪಾ, ಹತ್ತತೈತಿ” ಎಂದಳು. ಅಂಗಡಿಯವ ಇನ್ನೊಂದು ತೆಗೆದ. ಅದಕ್ಕೆ ಹತ್ತಲಿಲ್ಲ. “ಪಕ್ಕಾ ಸ್ಟೀಲ್ ನೋಡ್ರಿ ಅವ್ವಾರ, ಕನ್ನಡಿ ಇದ್ದಂಗ ಐತಿ” ಎಂದು ಕಟ್ಟಿಕೊಟ್ಟ. ಎಂಟೇ ದಿನಕ್ಕೆ ಆ ಕನ್ನಡಿ ಉಳ್ಳಾಗಡ್ಡಿಯನ್ನು ಕೊಯ್ಯುವ ಬದಲು ಜಜ್ಜತೊಡಗಿತು. ದೊಡ್ಡವ್ವ ಮತ್ತೆ ಈಳಿಗೆ ಮಣೆಯ ಮೇಲೆ ಕುಳಿತಳು.

ಚೊಂಬು ತಟ್ಟೆಯ ವಿಷಯದಲ್ಲಿ ಅವಳ ಪರೀಕ್ಷೆ ಒಂದು ಮಟ್ಟಿಗೆ ಸರಿಯೇ. ಒಳ್ಳೆಯ ಪಾತ್ರೆಗೆ ಬಳಸುವುದು 304 ಎಂಬ ನಮೂನೆ. ಅದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ನಿಕ್ಕಲ್ಲಿನ ದೆಸೆಯಿಂದ ಅದರ ಒಳರಚನೆಯೇ ಬೇರೆ, ಅಯಸ್ಕಾಂತ ಹತ್ತುವುದಿಲ್ಲ. ಆದರೆ ಆ ಒಳರಚನೆಗೇ ಇನ್ನೊಂದು ಗುಣವಿದೆ: ಕೆಂಪಗೆ ಕಾಸಿ ನೀರಿಗದ್ದಿದರೂ ಅದು ಗಟ್ಟಿಯಾಗದು. ಪಾತ್ರೆಗೆ ಗಟ್ಟಿತನ ಬೇಕಿಲ್ಲ, ಬಗ್ಗಿದರೆ ಸಾಕು. ಚಾಕುವಿನ ಬಾಳೆಲ್ಲ ಇರುವುದೇ ಗಟ್ಟಿ ಅಂಚಿನ ಮೇಲೆ. ಹದ ಹಿಡಿಯುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಜೊತೆ ಇಂಗಾಲ ಇರಬೇಕು, ನಿಕ್ಕಲ್ ಇಲ್ಲದಿದ್ದರೂ ನಡೆಯುತ್ತದೆ. ಅಂಥ ಉಕ್ಕಿಗೆಲ್ಲ ಅಯಸ್ಕಾಂತ ಹತ್ತೇ ಹತ್ತುತ್ತದೆ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಎರೆದ ಸ್ಟೇನ್‌ಲೆಸ್ ಉಕ್ಕು ಈ ಜಾತಿಯದೇ. ಶೇ 12.8 ಕ್ರೋಮಿಯಂ, ಶೇ 0.24 ಇಂಗಾಲ. ಅವನು ಹೊರಟದ್ದು ಬಂದೂಕಿನ ನಳಿಗೆ ಸವೆಯದಂತೆ ಮಾಡಲು, ಕೈಗೆ ಬಂದದ್ದು ಊಟದ ಮೇಜಿನ ಚಾಕು. ಶುರುವಿಗೆ ಆ ಊರಿನ ಚಾಕು ಮಾಡುವವರಿಗೆ ಈ ಉಕ್ಕಿನ ಹದ ಸಿಗಲಿಲ್ಲ. ಕೊಯ್ಯದ ಚಾಕು ಕಂಡುಹಿಡಿದವನು ಎಂದು ಬ್ರಿಯರ್ಲಿಯನ್ನು ಗೇಲಿ ಮಾಡಿದ್ದರಂತೆ. ಹಾಗಾಗಿ ದೊಡ್ಡವ್ವನಿಗೆ ನಾನು ಹೇಳುವುದಿಷ್ಟೇ: ಅಯಸ್ಕಾಂತ ಸಂಚಿಯಲ್ಲೇ ಇರಲಿ, ಚಾಕುವಿನ ಮುಂದೆ ಮಾತ್ರ ತೀರ್ಪು ತಿರುಗಿಸು. ಹತ್ತಿದ ಚಾಕುವೆಲ್ಲ ಒಳ್ಳೆಯದೆಂದಲ್ಲ. ಹತ್ತದ್ದಂತೂ ಅಡುಗೆಮನೆಗೆ ಬೇಡ.

“ಸ್ಟೀಲ್ ಅಂದಮ್ಯಾಲೆ ತುಕ್ಕು ಹಿಡಿಯಂಗಿಲ್ಲ” ಎಂಬುದು ಇದರ ಬೆನ್ನಿಗೇ ಬರುವ ಮಾತು. ಹಿಡಿಯುತ್ತದೆ, ನಿಧಾನಕ್ಕೆ. ಕ್ರೋಮಿಯಂ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಉಪ್ಪು, ಹುಣಸೆಹುಳಿ, ನಿಂಬೆರಸ ರಾತ್ರಿಯಿಡೀ ಕುಳಿತರೆ ಪೊರೆ ತೂತಾಗಿ ಅಲ್ಲಲ್ಲಿ ಚುಕ್ಕೆ ಬೀಳುತ್ತದೆ. ತೊಳೆದು ಒರೆಸಿಟ್ಟರೆ ಮುಗಿಯಿತು.

ಇನ್ನು ಡಬ್ಬಿಯ ಮೇಲಿನ ಹೆಸರುಗಳು. ‘ಜರ್ಮನ್ ಸ್ಟೀಲ್’, ‘ಸರ್ಜಿಕಲ್ ಸ್ಟೀಲ್’, ‘ಹೈ ಕಾರ್ಬನ್’. ಇವು ಯಾವ ಉಕ್ಕಿನ ಹೆಸರೂ ಅಲ್ಲ, ಮಾರುವವರ ಬಾಯಿಮಾತು. ಉಕ್ಕಿಗೆ ಹೆಸರಿರುವುದು ಅಂಕಿಯಲ್ಲಿ. 420 ಎಂದಿದ್ದರೆ ಸುಮಾರು ಶೇ 13 ಕ್ರೋಮಿಯಂ. ಇಂಗಾಲ ಕಡಿಮೆ, ಬೇಗ ಮೊಂಡಾಗುತ್ತದೆ, ಬೇಗ ಮಸೆಯಲೂ ಬರುತ್ತದೆ. 1.4116 ಎಂದಿದ್ದರೆ ಅರ್ಧ ಶೇಕಡಾ ಇಂಗಾಲ, ಶೇ 15 ಕ್ರೋಮಿಯಂ. ಯುರೋಪಿನ ಹೆಸರುವಾಸಿ ಅಡುಗೆ ಚಾಕುಗಳಲ್ಲಿ ಬಹಳಷ್ಟು ಇದರವೇ. 440ಸಿ ಎಂದರೆ ಹೆಚ್ಚುಕಡಿಮೆ ಶೇ 1 ಇಂಗಾಲ, ಶೇ 17 ಕ್ರೋಮಿಯಂ. ಡಿ2ನಲ್ಲಿ ಒಂದೂವರೆ ಶೇಕಡಾ ಇಂಗಾಲ, ಶೇ 12ರಷ್ಟು ಕ್ರೋಮಿಯಂ ಇದ್ದರೂ ಅದನ್ನು ಪೂರ್ತಿ ಸ್ಟೇನ್‌ಲೆಸ್ ಅನ್ನುವ ಹಾಗಿಲ್ಲ. ಕ್ರೋಮಿಯಂನ ಒಂದು ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣವಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಮಿಕ್ಕದ್ದು. ಅಂಕಿಯೇ ಇಲ್ಲದೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಬರೆದ ಚಾಕುವಿಗೆ ನಾನಂತೂ ಹೆಚ್ಚು ದುಡ್ಡು ಕೊಡುವುದಿಲ್ಲ.

ಅಡುಗೆಮನೆ ಬಿಟ್ಟು ಹೊಲಕ್ಕೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗಿನಿಂದ ಸಿಂಧನೂರು ಸೀಮೆ ಭತ್ತದ ಸೀಮೆ. ಈಗ ಕೊಯ್ಲು ಯಂತ್ರದ್ದು. ಹಾಗೆಂದು ಕುಡುಗೋಲು ಮೂಲೆ ಸೇರಿಲ್ಲ. ಯಂತ್ರ ತಿರುಗದ ಗದ್ದೆಯ ಮೂಲೆಗೆ, ಬದುವಿನ ಹುಲ್ಲಿಗೆ, ದನದ ಮೇವಿಗೆ ಅದು ಬೇಕೇ ಬೇಕು. ಕುಡುಗೋಲಿನ ಮಾತೆತ್ತಿದರೆ ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ: “ಲಾರಿ ಪಾಟಾದ್ದು ಮಾಡಿಸ್ರಿ, ತಿರುಗಿ ನೋಡಂಗಿಲ್ಲ.” ಪಾಟಾ ಎಂದರೆ ಗಾಲಿಯ ಮೇಲಿನ ಕಮಾನು ಪಟ್ಟಿ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಪಾಟಾ ಸಾಮಾನ್ಯವಾಗಿ ಶೇ 0.5ರಿಂದ 0.6ರಷ್ಟು ಇಂಗಾಲದ ಉಕ್ಕು, ಜೊತೆಗೆ ಸಿಲಿಕಾನೋ ಕ್ರೋಮಿಯಮ್ಮೋ ಇರುತ್ತದೆ. ಬಗ್ಗಿ ಬಗ್ಗಿ ಮತ್ತೆ ನೆಟ್ಟಗಾಗುವ ಗುಣಕ್ಕೆಂದೇ ಮಾಡಿದ್ದು. ಕುಡುಗೋಲಿಗೆ, ಮಚ್ಚಿಗೆ, ಕೊಡಲಿಗೆ ಒಳ್ಳೆಯ ಸರಕು.

ಉಳಿದರ್ಧ ಸುಳ್ಳು. ಪಾಟಾ ಗಟ್ಟಿಯಿದೆ, ಆದ್ದರಿಂದ ಕುಡುಗೋಲೂ ಗಟ್ಟಿ ಎನ್ನುವ ಲೆಕ್ಕ ನಡೆಯುವುದಿಲ್ಲ. ಕುಲುಮೆಯಲ್ಲಿ ಪಾಟಾ ಕೆಂಪಾದ ಕ್ಷಣಕ್ಕೆ ಕಾರ್ಖಾನೆ ಕೊಟ್ಟ ಹದ ಪೂರಾ ಅಳಿಸಿಹೋಗುತ್ತದೆ. ಇನ್ನು ಮೇಲೆ ಅದರಲ್ಲಿ ಇರುವುದೆಲ್ಲ ಕಮ್ಮಾರ ಕೊಟ್ಟ ಹದ. ಇನ್ನೊಂದು ಮಾತು: ಗುಜರಿಗೆ ಬಿದ್ದ ಪಾಟಾ ಸುಮ್ಮನೆ ಬಿದ್ದಿರುವುದಿಲ್ಲ, ದಣಿದು ಮುರಿದು ಬಿದ್ದಿರುತ್ತದೆ. ಒಂದು ಕಡೆ ಮುರಿದದ್ದರ ಮೈಯಲ್ಲಿ ಕೂದಲೆಳೆಯಂಥ ಬಿರುಕು ಇನ್ನೂ ಎಲ್ಲೆಲ್ಲಿವೆಯೋ. ತಿಳಿದ ಕಮ್ಮಾರ ಮುರಿದ ತುದಿಯಿಂದ ಗೇಣುದ್ದ ಬಿಟ್ಟೇ ಕಡಿಯುತ್ತಾನೆ.

ಮನೆ ಕಟ್ಟಿ ಉಳಿದ ಟಿಎಂಟಿ ಸರಳು ತಂದು “ಇದರಾಗ ಒಂದು ಕುಡಗೋಲು ಮಾಡು” ಎನ್ನುವವರೂ ಇದ್ದಾರೆ. ಸರಳಿನ ಉಕ್ಕಿನಲ್ಲಿ ಇಂಗಾಲ ಹೆಚ್ಚೆಂದರೆ ಶೇ 0.3. ಅದರ ಹೊರಮೈ ಗಟ್ಟಿಯಿರುವುದು ಕಾರ್ಖಾನೆಯಲ್ಲಿ ಕೆಂಪಗಿದ್ದಾಗಲೇ ನೀರು ಚಿಮ್ಮಿಸಿದ್ದರಿಂದ. ಅದನ್ನು ಮತ್ತೆ ಕಾಸಿ ಬಡಿದರೆ ಆ ಗಟ್ಟಿಯೂ ಹೋಯಿತು. ಕುಡುಗೋಲಿನ ಆಕಾರ ಬರುತ್ತದೆ, ಗುಣ ಬರುವುದಿಲ್ಲ. ಯಾವ ಉಕ್ಕು ಎಂಬ ಅನುಮಾನವಿದ್ದರೆ ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡಬೇಕು. ಸರಳಿನ ಕಿಡಿ ಉದ್ದ ಗೆರೆಯಾಗಿ ಹೋಗಿ ಆರುತ್ತದೆ. ಹಳೆಯ ಅರದ ಕಿಡಿ ಕೈಬುಡದಲ್ಲೇ ಸುರುಸುರುಬತ್ತಿಯ ಹಾಗೆ ಒಡೆದು ಹೂವಾಗುತ್ತದೆ. ಹೂವು ಹೆಚ್ಚಿದಷ್ಟೂ ಇಂಗಾಲ ಹೆಚ್ಚು.

ಹದ ಹಾಕುವುದನ್ನು ಒಮ್ಮೆ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಬಡಿದು ಆಕಾರಕ್ಕೆ ಬಂದ ಕುಡುಗೋಲನ್ನು ಕಮ್ಮಾರ ಮತ್ತೆ ಕೆಂಡಕ್ಕಿಡುತ್ತಾನೆ. ತಿದಿಯ ಜಾಗಕ್ಕೆ ಈಗ ಕರೆಂಟಿನ ಬ್ಲೋವರ್ ಬಂದಿದೆ, ಆದರೆ ಬಣ್ಣ ನೋಡುವ ಕಣ್ಣು ಹಳೆಯದೇ. ಸುಮಾರು 800 ಡಿಗ್ರಿಯ ಕೆಂಪು ಬಂತೋ, ಇಕ್ಕಳದಲ್ಲಿ ಹಿಡಿದು ಬಾಯಿಯ ಅಂಚನ್ನಷ್ಟೇ ಅದ್ದುತ್ತಾನೆ. ಸುಂಯ್ ಎನ್ನುತ್ತದೆ. ಈಗ ಅಂಚು ಗಾಜಿನಂತೆ: ಗಟ್ಟಿ, ಬಿದ್ದರೆ ಚೂರು. ಬೆನ್ನಿನಲ್ಲಿ ಇನ್ನೂ ಕಾವಿದೆ. ಕಲ್ಲಿನಿಂದ ಅಂಚನ್ನು ಗಸಗಸನೆ ಉಜ್ಜಿ ಬೆಳ್ಳಗೆ ಮಾಡಿ ಹಾಗೇ ಹಿಡಿದಿರುತ್ತಾನೆ. ಬೆನ್ನಿನ ಕಾವು ಅಂಚಿನ ಕಡೆ ಹರಿದಂತೆ ಬಿಳುಪಿನ ಮೇಲೆ ಬಣ್ಣ ಓಡಿಬರುತ್ತದೆ. ಮೊದಲು ಒಣ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಎಂದರೆ ಸುಮಾರು 220 ಡಿಗ್ರಿ, ನೀಲಿ ಎಂದರೆ 300ರ ಆಸುಪಾಸು. ಬೇಕಾದ ಬಣ್ಣ ಅಂಚು ಮುಟ್ಟಿದೊಡನೆ ಇಡೀ ಕುಡುಗೋಲು ನೀರಿಗೆ. ಈ ಆಟವೆಲ್ಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಕುಡುಗೋಲಿನ ಗುಣ ನಿರ್ಧಾರವಾಗುವುದು ಆ ಹೊತ್ತಿನಲ್ಲಿ. ಶೇ 1ರಷ್ಟು ಇಂಗಾಲದ ದುಬಾರಿ ಬೇರಿಂಗ್ ಉಕ್ಕನ್ನೇ ಕೊಟ್ಟರೂ ಹದ ತಪ್ಪಿದರೆ ಅದು ಸಾದಾ ಪಾಟಾದ ಮುಂದೆ ಸೋಲುತ್ತದೆ.

“ಗಟ್ಟಿ ಇದ್ದಷ್ಟೂ ಚಲೋ” ಎನ್ನುವವರಿಗೂ ಉತ್ತರ ಈ ಬಣ್ಣಗಳಲ್ಲೇ ಇದೆ. ಗಟ್ಟಿ ಹೆಚ್ಚಿದಂತೆ ತಾಳಿಕೆ ಇಳಿಯುತ್ತದೆ, ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ. ಉಕ್ಕಿನ ಗಟ್ಟಿತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಯುರೋಪಿನ ಅಡುಗೆ ಚಾಕು 56ರ ಸುತ್ತ ನಿಲ್ಲುತ್ತದೆ, ಜಪಾನಿನ ಮೀನು ಸೀಳುವ ಚಾಕು 60 ದಾಟುತ್ತದೆ. ಆ ಜಪಾನಿ ಚಾಕುವಿನಿಂದ ನಮ್ಮವರು ತೆಂಗಿನಕಾಯಿ ಕುಟ್ಟಿದರೆ ಅಂಚು ಹಲ್ಲುಬಿಡುತ್ತದೆ. ಬಳ್ಳಾರಿ ಜಾಲಿ ಕಡಿಯುವ ಕೊಡಲಿಗೆ ನೀಲಿಯ ಕಡೆ ವಾಲಿದ ಮೆತ್ತನೆ ಹದ ಬೇಕು, ಕ್ಷೌರದ ಕತ್ತಿಗೆ ಹಳದಿಯಲ್ಲೇ ನಿಂತ ಹದ ಬೇಕು.

ಹದದ ನೀರಿನ ಬಗ್ಗೆಯೂ ಊರೂರಲ್ಲಿ ಕಥೆಗಳಿವೆ. ಇಂಥ ಬಾವಿಯ ನೀರಿಗೇ ಒಳ್ಳೆಯ ಹದ ಬರುತ್ತದೆ, ಸೌಳು ನೀರು ಒಳ್ಳೆಯದು, ಸಿಹಿನೀರು ಬರುವುದಿಲ್ಲ ಎಂದೆಲ್ಲ. ಇದನ್ನು ನಗಾಡಿ ತಳ್ಳಿಹಾಕಬಾರದು. ಕಾದ ಉಕ್ಕು ನೀರಿಗೆ ಬಿದ್ದರೆ ಸುತ್ತ ಹಬೆಯ ಅಂಗಿ ಕಟ್ಟಿಕೊಳ್ಳುತ್ತದೆ, ಆ ಅಂಗಿಯಿಂದಾಗಿ ಆರುವುದು ತಡವಾಗುತ್ತದೆ. ಉಪ್ಪು ಆ ಅಂಗಿಯನ್ನು ಹರಿಯುತ್ತದೆ. ಆದರೆ ಅದಕ್ಕೆ ಬೇಕಾಗುವುದು ಹತ್ತು ಕೊಡ ನೀರಿಗೆ ಒಂದು ಕೊಡದಷ್ಟು ತೂಕದ ಉಪ್ಪು. ಬಾಯಿಗೆ ಹಾಕಿದರೆ ಥೂ ಎನ್ನುವ ಸೌಳು ಬಾವಿಯಲ್ಲೂ ಅಷ್ಟಿರುವುದಿಲ್ಲ. ಬಾವಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದು ನೀರು ಎಷ್ಟು ತಣ್ಣಗಿದೆ ಎಂಬುದು. ಲಾರಿ ಪಾಟಾಕ್ಕಂತೂ ನೀರಿಗಿಂತ ಎಣ್ಣೆ ಕ್ಷೇಮ. ತಣ್ಣೀರಿಗೆ ಬಿದ್ದ ಪಾಟಾ ಕೆಲವೊಮ್ಮೆ ಟಿಣ್ ಎನ್ನುತ್ತದೆ. ಆ ಸದ್ದು ಬಿರುಕಿನದು, ಇಡೀ ಹೊತ್ತಿನ ದುಡಿಮೆ ಹೋಯಿತೆಂದು ಅರ್ಥ.

ಇತ್ತೀಚಿನ ಹೊಸ ಮೋಹ ಡಮಾಸ್ಕಸ್ ಚಾಕು. ಅಲಗಿನ ಮೇಲೆ ನೀರಿನ ಅಲೆಯಂಥ ಚಿತ್ತಾರ, ಬೆಲೆ ಸಾವಿರಗಳಲ್ಲಿ. ಇದು ನಮ್ಮ ಪೂರ್ವಜರ ಉಕ್ಕು, ಇಂದಿಗೂ ಇದನ್ನು ಮೀರಿಸಿದ್ದಿಲ್ಲ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಈ ಒಂದು ವಾಕ್ಯದಲ್ಲಿ ಹೆಮ್ಮೆಪಡುವಂಥದ್ದೂ ಇದೆ, ಸುಳ್ಳೂ ಇದೆ. ಹೆಮ್ಮೆಯದನ್ನು ಮೊದಲು ಹೇಳುತ್ತೇನೆ. ಕಬ್ಬಿಣದ ಚೂರುಗಳ ಜೊತೆ ಕಟ್ಟಿಗೆ, ಹಸಿ ಎಲೆ ಸೇರಿಸಿ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಸಿದರೆ ಶೇ 1ರಿಂದ 2ರಷ್ಟು ಇಂಗಾಲದ ಉಕ್ಕಿನ ಗಟ್ಟಿ ಸಿಗುತ್ತಿತ್ತು. ದಕ್ಷಿಣ ಭಾರತದ ಈ ಗಟ್ಟಿಗಳು ಪರ್ಷಿಯಾಕ್ಕೆ ಹೋಗಿ ಕತ್ತಿಗಳಾದವು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವುದನ್ನು ಕಂಡು ಬರೆದಿದ್ದಾನೆ. ಇಂಗ್ಲಿಷರು ಇದನ್ನು ‘ವುಟ್ಸ್’ ಎಂದರು. ಕನ್ನಡ ತೆಲುಗು ಎರಡಕ್ಕೂ ಸೇರಿದ ‘ಉಕ್ಕು’ ಎಂಬ ಪದವೇ ಹಾಗಾಯಿತು ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಮೈಕೆಲ್ ಫ್ಯಾರಡೆಯಂಥವನೇ ಇದರ ಗುಟ್ಟು ಹುಡುಕಲು ಕೂತಿದ್ದ. ಈ ಉಕ್ಕಿಗೆ ಹೆಸರಾದ ಕೋನಸಮುದ್ರಂ ಇರುವುದು ಇಂದಿನ ತೆಲಂಗಾಣದಲ್ಲಿ, ನಮ್ಮ ರಾಯಚೂರಿನ ಹಾಗೆ ಅದೂ ಒಂದು ಕಾಲಕ್ಕೆ ನಿಜಾಮನ ಸೀಮೆ. ಇನ್ನು ಕಬ್ಬಿಣವಂತೂ ನಮ್ಮ ನೆಲಕ್ಕೆ ತೀರ ಹಳೆಯ ನಂಟು. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಮಸ್ಕಿಯಲ್ಲೇ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಗೆಸಿದಾಗ ಬೃಹತ್ ಶಿಲಾಯುಗದ ಪದರದಲ್ಲಿ ಕಬ್ಬಿಣ ಸಿಕ್ಕಿತು.

ಈಗ ಸುಳ್ಳಿನ ಭಾಗ. ಇಂದು ಡಮಾಸ್ಕಸ್ ಎಂದು ಮಾರುವ ಚಾಕು ಬಹುಪಾಲು ಮೂಸೆಯ ಉಕ್ಕಲ್ಲ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಕಾಸಿ ಬೆಸೆದು, ಮಡಚಿ ಬಡಿದು, ಆಸಿಡ್ಡಿನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಅದೂ ಕೈಚಳಕದ ಕೆಲಸವೇ, ಆದರೆ ಬೇರೆ ಕೆಲಸ. ತೀರ ಅಗ್ಗದ್ದರಲ್ಲಿ ಚಿತ್ತಾರ ಬರೀ ಮೇಲ್ಮೈಯಲ್ಲಿ ಕೊರೆದದ್ದು. ಉಜ್ಜುಕಾಗದದಲ್ಲಿ ತಿಕ್ಕಿದರೆ ಮಾಯವಾಗುತ್ತದೆ, ಆಸಿಡ್ ಹಾಕಿದರೂ ಮರಳಿ ಬರುವುದಿಲ್ಲ. ಇನ್ನು ಹಳೆಯ ಉಕ್ಕೇ ಸಿಕ್ಕಿದರೂ ಇಂದಿನ ಬೇರಿಂಗ್ ಉಕ್ಕಿನ ಒಂದೇ ಸಮನಾದ ಗುಣ ಅದಕ್ಕಿಲ್ಲ. ತನ್ನ ಕಾಲಕ್ಕೆ ಅದು ಜಗತ್ತಿನಲ್ಲೇ ಮೇಲು. ಅದಕ್ಕಿಂತ ದೊಡ್ಡ ಹೊಗಳಿಕೆ ಅದಕ್ಕೆ ಬೇಕಿಲ್ಲ.

ಕಡೆಯದಾಗಿ ಸಾಣೆಯ ಮಾತು. ಒಳ್ಳೆಯ ಉಕ್ಕು ಆರಿಸಿ, ಒಳ್ಳೆಯ ಹದ ಹಾಕಿಸಿ ತಂದ ಚಾಕುವನ್ನು ಕೆಡಿಸುವುದು ಇಲ್ಲೇ. ಕಿಡಿ ಜೋರಾಗಿ ಹಾರಿದಷ್ಟೂ ಹರಿತ ಬರುತ್ತದೆಂದು ಜನ ಸಾಣೆಯವನಿಗೆ “ಇನ್ನಷ್ಟು ಒತ್ತು” ಎನ್ನುತ್ತಾರೆ. ತೆಳ್ಳನೆಯ ಅಂಚು ಚಕ್ರದ ಮೇಲೆ ಕ್ಷಣದಲ್ಲಿ 300 ಡಿಗ್ರಿ ಮುಟ್ಟುತ್ತದೆ. ಕುಲುಮೆಯಲ್ಲಿ ಓಡಿಬಂದ ಅದೇ ನೀಲಿ ಇಲ್ಲೂ ಅಂಚಿನ ಮೇಲೆ ಮೂಡುತ್ತದೆ. ನೀಲಿ ಬಂದ ಕಡೆ ಹದ ಇಳಿಯಿತು, ಮತ್ತೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲದು. ಆ ನೀಲಿಯನ್ನು ಪೂರ್ತಿ ತಿಕ್ಕಿ ತೆಗೆದು ಒಳಗಿನ ಹೊಸ ಅಂಚಿಗೆ ಹೋಗಬೇಕಾಗುತ್ತದೆ. ಮುಂದಿನ ಸಲ ಸಾಣೆ ಹಿಡಿಸುವಾಗ ಪಕ್ಕದಲ್ಲಿ ಒಂದು ಬೋಗುಣಿ ನೀರಿಡಿ, ಎರಡು ಉಜ್ಜಿಗೊಮ್ಮೆ ಅದ್ದಲು ಹೇಳಿ. ಅಂಚು ಬೆರಳಿಗೆ ಬಿಸಿ ಹತ್ತಬಾರದು.