ಕಡಲಾಚೆಯ ಸಾಲಕ್ಕೊಂದು ವಿಮೆ

ಸವಣೂರಿನ ಗುಡ್ಡದಲ್ಲಿ ಹೆಕ್ಕಿದ ಗೇರುಬೀಜ ಎಲ್ಲಿಯವರೆಗೆ ಪಯಣ ಮಾಡಬಲ್ಲುದೆಂದು ನೀವು ಯೋಚಿಸಿದ್ದುಂಟೆ? ಊರಿನ ಅಂಗಡಿಯಿಂದ ಅದು ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಬೇಯಿಸಿ, ಒಡೆದು, ಸಿಪ್ಪೆ ಸುಲಿದು, ದರ್ಜೆ ವಿಂಗಡಿಸುತ್ತಾರೆ. ಪೌಂಡಿಗೆ 300ರಿಂದ 320 ತೂಗುವ ಬಿಳಿಯ ಇಡೀ ತಿರುಳಿಗೆ ಪರದೇಶಗಳಲ್ಲಿ ಒಳ್ಳೆಯ ಬೇಡಿಕೆ.

ಆದರೆ ಸರಕು ಹೋದಷ್ಟು ಬೇಗ ಹಣ ಬರುವುದಿಲ್ಲ. ಕೊಳ್ಳುವವನು ಎರಡು ಮೂರು ತಿಂಗಳ ವಾಯಿದೆ ಕೇಳುತ್ತಾನೆ. ಕೊಡದಿದ್ದರೆ ವ್ಯಾಪಾರವೇ ಇನ್ನೊಬ್ಬರ ಪಾಲಾಗುತ್ತದೆ. ಇತ್ತ ಬೀಜ ಮಾರಿದ ರೈತನಿಗೂ ಸಿಪ್ಪೆ ಸುಲಿದ ಹೆಂಗಸರಿಗೂ ವಾಯಿದೆ ಹೇಳಲಾದೀತೆ? ಅಷ್ಟರಲ್ಲಿ ಕೊಳ್ಳುವವನು ದಿವಾಳಿಯಾದರೆ ಏನು ಗತಿ? ಅವನು ಪ್ರಾಮಾಣಿಕನೇ ಆಗಿದ್ದು, ಅವನ ದೇಶದಲ್ಲಿ ವಿದೇಶಿ ನಾಣ್ಯವೇ ಬರಿದಾದರೆ? 2022ರಲ್ಲಿ ಶ್ರೀಲಂಕೆಗೆ ಬಂದ ಕಷ್ಟ ಇದೇ. 1990ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ವಿಶ್ವಸಂಸ್ಥೆಯ ನಿರ್ಬಂಧದಿಂದ ಇರಾಕಿನೊಡನೆ ವ್ಯಾಪಾರವೇ ನಿಂತಿತು.

ಹಡಗು ಮುಳುಗಿದರೆ ಕಡಲ ವಿಮೆ ಇದೆ. ಸರಕು ಕ್ಷೇಮವಾಗಿ ತಲುಪಿಯೂ ಹಣ ಬಾರದ ನಷ್ಟಕ್ಕೆ ಅದು ಒದಗದು. ಈ ಕೊರತೆಯನ್ನು ತುಂಬಲು ಬ್ರಿಟನ್ ಸರಕಾರ 1919ರಲ್ಲಿಯೇ ಒಂದು ಇಲಾಖೆಯನ್ನು ತೆರೆಯಿತು. ನಮ್ಮ ಕೇಂದ್ರ ಸರಕಾರ 1957ರ ಜುಲೈ 30ರಂದು ಮುಂಬಯಿಯಲ್ಲಿ ರಫ್ತು ಅಪಾಯಗಳ ವಿಮಾ ನಿಗಮವನ್ನು ಸ್ಥಾಪಿಸಿತು. 1964ರಲ್ಲಿಯೂ ಆಮೇಲೆಯೂ ಹೆಸರು ಬದಲಾಗಿ, 2014ರಿಂದ ಅದು ಇ.ಸಿ.ಜಿ.ಸಿ. ಲಿಮಿಟೆಡ್ ಆಗಿದೆ.

ಇದರ ಕ್ರಮ ಹೀಗೆ. ಸರಕು ಕಳಿಸುವ ಮೊದಲು ಕೊಳ್ಳುವವನ ಹೆಸರು, ವಿಳಾಸ ಕೊಟ್ಟು, ಅವನಿಗೆ ಎಷ್ಟು ಸಾಲ ಕೊಡಬಹುದೆಂಬ ಮಿತಿಯನ್ನು ನಿಗಮದಿಂದ ಗೊತ್ತುಮಾಡಿಸಿಕೊಳ್ಳಬೇಕು. ಕಳಿಸಿದ ಸರಕಿನ ವಿವರವನ್ನೂ ಒಪ್ಪಿಸಿ ವಿಮಾಕಂತು ಕಟ್ಟಬೇಕು. ದೇಶಗಳನ್ನು ಅವುಗಳ ಅಪಾಯಕ್ಕನುಗುಣವಾಗಿ ವಿಂಗಡಿಸಿರುತ್ತಾರೆ. ಅಪಾಯ ಹೆಚ್ಚಾದಲ್ಲಿ ಕಂತು ಹೆಚ್ಚು. ಕೆಲವು ದೇಶಗಳಿಗೆ ಮುಂಚಿತವಾಗಿ ಪ್ರತ್ಯೇಕ ಒಪ್ಪಿಗೆಯೇ ಬೇಕು.

ನಷ್ಟವನ್ನು ಪೂರ್ತಿಯಾಗಿ ತುಂಬಿಕೊಡುವುದಿಲ್ಲ. ಶೇಕಡಾ 90ರ ರಕ್ಷಣೆ ಇದೆಯೆನ್ನಿ. ಹತ್ತು ಲಕ್ಷ ರೂಪಾಯಿ ಮುಳುಗಿದರೆ ಒಂಬತ್ತು ಲಕ್ಷ ಬರುತ್ತದೆ, ಒಂದು ಲಕ್ಷ ನಿಮ್ಮ ತಲೆಯ ಮೇಲೆ. ಮಾರುವವನೂ ಒಂದಿಷ್ಟು ಹೊರೆ ಹೊತ್ತರೆ ಗಿರಾಕಿಯನ್ನು ವಿಚಾರಿಸಿಯೇ ಸರಕು ಕಳಿಸುತ್ತಾನೆ ಎಂಬುದು ಇದರ ತಾತ್ಪರ್ಯ. ಪರಿಹಾರ ದೊರೆತ ಮೇಲೂ ಬಾಕಿ ವಸೂಲಿಯ ಪ್ರಯತ್ನ ಬಿಡುವಂತಿಲ್ಲ. ವಸೂಲಾದುದರಲ್ಲಿ ನಿಗಮಕ್ಕೂ ಪಾಲುಂಟು.

ಒಂದು ಮಾತು ನೆನಪಿರಲಿ. ತಿರುಳಿಗೆ ಹುಳು ಹಿಡಿದಿದ್ದರೆ, ಒಪ್ಪಿದ ದರ್ಜೆಯೊಂದು, ಕಳಿಸಿದ್ದು ಇನ್ನೊಂದಾದರೆ, ಈ ವಿಮೆ ನಿಮ್ಮ ನೆರವಿಗೆ ಬಾರದು. ನಾಣ್ಯದ ಬೆಲೆ ಏರಿಳಿದು ಆದ ನಷ್ಟಕ್ಕೂ ಇದು ಸಲ್ಲದು.

ರಫ್ತಿಗೆ ಸಾಲ ಕೊಡುವ ಬ್ಯಾಂಕುಗಳಿಗೂ ನಿಗಮ ರಕ್ಷಣೆ ಕೊಡುವುದರಿಂದ ಸಣ್ಣ ಕಾರ್ಖಾನೆಯವರಿಗೆ ಬಂಡವಾಳ ಹುಟ್ಟುವುದು ಸುಲಭವಾಗುತ್ತದೆ. ನೀವು ಈ ವ್ಯಾಪಾರಕ್ಕೆ ಕೈಹಾಕುವವರಾದರೆ, ಮೊದಲ ಪೆಟ್ಟಿಗೆ ಹಡಗೇರುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಈ ವಿಷಯವನ್ನು ವಿಚಾರಿಸಿಕೊಳ್ಳಿ. ಹಡಗು ಹೋದ ಮೇಲೆ, ಗಿರಾಕಿಯ ಸುದ್ದಿ ಕೆಟ್ಟ ಮೇಲೆ, ವಿಮೆ ಕೇಳಿ ಫಲವಿಲ್ಲ.