ಗಳಲೆ ರೋಗದ ಗಡುವು

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯನ್ನು ದಿನನಿತ್ಯ ದಾಟುವವರಲ್ಲಿ ಬಹುಮಂದಿ, ದನಕರುಗಳ ನೆತ್ತರನ್ನೇ ನಂಜಾಗಿಸುವ ಗಳಲೆ ರೋಗಕ್ಕೆ ಆ ಹೆಬ್ಬಾಳದಲ್ಲಿಯೇ ಲಸಿಕೆ ಸಿದ್ಧವಾಗುತ್ತದೆಂಬುದನ್ನು ಅರಿಯರು. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯೆಂಬ ಹೆಸರಿನಿಂದ, ಮುಖ್ಯವಾಗಿ ದನಗಳ ದೊಡ್ಡರೋಗವನ್ನು (ರಿಂಡರ್‌ಪೆಸ್ಟ್) ಎದುರಿಸಲೆಂದು ಹುಟ್ಟಿದ ಸಂಸ್ಥೆಯೇ ಇಂದಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ದೊಡ್ಡರೋಗವು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತು. ಗಳಲೆ ರೋಗ ಮಾತ್ರ ಹೋಗಲಿಲ್ಲ.

ಈ ರೋಗಕ್ಕೆ ಕಾರಣವಾದ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯವು ಆರೋಗ್ಯವಂತ ದನದ ಗಂಟಲಿನಲ್ಲಿಯೂ ಸದ್ದಿಲ್ಲದೆ ತಂಗಿದ್ದು, ಮುಂಗಾರಿನ ತೇವವೋ ಮೇವಿನ ಅಭಾವವೋ ಮೈಯ ಕಸುವನ್ನು ಕುಗ್ಗಿಸಿದೊಡನೆ ರಕ್ತಕ್ಕಿಳಿದು ವೃದ್ಧಿಸುತ್ತದೆ. ಹಸುವಿಗಿಂತ ಎಮ್ಮೆಗೆ ಅಪಾಯ ಹೆಚ್ಚು. ಸಂಜೆ ಹಾಲು ಕಡಮೆಯಾದ ಎಮ್ಮೆಯು ಬೆಳಗಾಗುವಷ್ಟರಲ್ಲಿ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಗೊರಗೊರ ಉಸಿರೆಳೆಯುತ್ತ ನಿಂತಿರುತ್ತದೆ. ದವಡೆಯ ಕೆಳಗಿನ ಬಾವನ್ನು ವೈದ್ಯರು ಬೆರಳಿನಿಂದ ಒತ್ತಿದರೆ ಅದು ಬಿಸಿಯಾಗಿದ್ದು, ಪ್ರಾಣಿ ನೋವಿನಿಂದ ಕೊಸರುತ್ತದೆ. ತೊಡೆಯ ಬಾವು ಒತ್ತಿದಾಗ ಚರಚರ ಸದ್ದಾದರೆ ಅದು ಬಹುಶಃ ಚಪ್ಪೆರೋಗವೆಂಬ ಬೇರೆಯೇ ವ್ಯಾಧಿ.

ಚಿಕಿತ್ಸೆಯಿಲ್ಲವೆಂದಲ್ಲ. ಆಕ್ಸಿಟೆಟ್ರಾಸೈಕ್ಲಿನ್, ಸಲ್ಫಾ, ಎನ್ರೋಫ್ಲಾಕ್ಸಸಿನ್ ಮೊದಲಾದ ಔಷಧಗಳು ಈ ರೋಗಾಣುವನ್ನು ಹತ್ತಿಕ್ಕಬಲ್ಲವು. ಆದರೆ ಅಣುಜೀವಿಗಳ ಕವಚದಿಂದ ಬಿಡುಗಡೆಯಾದ ವಿಷವು ರಕ್ತನಾಳಗಳನ್ನು ಸಡಿಲಗೊಳಿಸಿ, ರಕ್ತದೊತ್ತಡವನ್ನು ಕುಸಿಯುವಂತೆ ಮಾಡಿದ ಮೇಲೆ, ರೋಗಾಣುವು ಸತ್ತರೂ ಪಶುವು ಉಳಿಯುವುದು ದುರ್ಲಭ. ಜ್ವರವೊಂದೇ ಇರುವಾಗ ಸೂಜಿ ಬಿದ್ದರೆ ಭರವಸೆಯುಂಟು. ಉಸಿರು ಕಟ್ಟಿದ ಮೇಲೆ ಸಾವು ಬಹುತೇಕ ನಿಶ್ಚಿತ, ಅದೂ ಹಲವೊಮ್ಮೆ ಒಂದೇ ದಿನದೊಳಗೆ. ಬದುಕುಳಿದ ಪಶುವೂ ರೋಗಾಣುವನ್ನು ಗಂಟಲಲ್ಲಿ ಹೊತ್ತು ತಿರುಗಬಹುದು. ಮನುಷ್ಯರ ರಕ್ತನಂಜಿನಲ್ಲಿಯೂ, ಬ್ಯಾಕ್ಟೀರಿಯ ಬೇರೆಯಾದರೂ, ಲೆಕ್ಕ ಗಂಟೆಗಳದ್ದೇ: ರೋಗಾಣುವನ್ನು ಗುರುತಿಸಲು ರಕ್ತವನ್ನು ಮೊದಲು ತೆಗೆದಿರಿಸಿ, ಆಘಾತದ ಲಕ್ಷಣ ಕಂಡ ಒಂದು ಗಂಟೆಯೊಳಗೆ ಪ್ರತಿಜೈವಿಕವನ್ನು ನೀಡತಕ್ಕದ್ದೆಂಬುದು ವೈದ್ಯರ ನಿಯಮ. ಆದರೆ ಮನುಷ್ಯರ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವಿದೆ; ಕೊಟ್ಟಿಗೆಯಲ್ಲಿರುವುದು ಗ್ಲೂಕೋಸ್ ಬಾಟಲಿಯನ್ನು ತೂಗುಹಾಕಲು ಒಂದು ಗೂಟ ಮಾತ್ರ.

ಆದುದರಿಂದಲೇ ಈ ರೋಗದಲ್ಲಿ ಔಷಧಕ್ಕಿಂತ ಲಸಿಕೆಯನ್ನು ನಾನು ನೆಚ್ಚುತ್ತೇನೆ. ಲೂಯಿ ಪಾಶ್ಚರ್ ಸುಮಾರು 1880ರಲ್ಲಿ ಕೋಳಿಗಳ ಕಾಲರಾಕ್ಕೆ ದುರ್ಬಲಗೊಳಿಸಿದ ರೋಗಾಣುವಿನಿಂದ ಲಸಿಕೆ ಮಾಡಿ ತೋರಿಸಿದ್ದೂ ಇದೇ ಜಾತಿಯ ಬ್ಯಾಕ್ಟೀರಿಯದಿಂದಲೇ ಎಂಬುದು ಸ್ವಾರಸ್ಯಕರ. ಯಲಹಂಕದಾಚೆಯ ಹಳ್ಳಿಗಳಲ್ಲಿ ಇಂದಿಗೂ ಹಸು ಕಟ್ಟಿರುವವರು, "ಸೂಜಿ ಹಾಕಿಸಿದ್ರೆ ಹಾಲು ಕಮ್ಮಿ ಆಗುತ್ತೆ, ಸ್ವಾಮಿ" ಎಂದು ಹಿಂಜರಿಯುವುದು ಸಹಜವೇ. ಒಂದೆರಡು ದಿನ ಹಾಲು ಇಳಿಯುವುದುಂಟು. ಆದರೂ ಅದನ್ನು ಮುಂಚಿತವಾಗಿಯೇ ಹಾಕಿಸಬೇಕು: ಲಸಿಕೆಯ ಬಲ ಮೈಗೂಡಲು ಎರಡು ಮೂರು ವಾರಗಳು ಬೇಕಾಗುವುದರಿಂದ, ನೆರೆಮನೆಯ ಎಮ್ಮೆ ಬಿದ್ದ ದಿನ ಓಡಿ ಬಂದು ಕೇಳುವವರಿಗೆ ಆ ಲಸಿಕೆ ತಕ್ಷಣದ ರಕ್ಷಣೆಯನ್ನು ಕೊಡಲಾರದು.